ತೆಳು ಸಿಪ್ಪಿ, ತುಂಬ ರಸ

ಬರೆಯಬೇಕಾದದ್ದು ಒಂದೇ ಸಾಲು. ಅದೇ ಶ್ರೀವಲ್ಲಭನಿಗೆ ಬರುತ್ತಿರಲಿಲ್ಲ.

ಇಂಡಿ ಊರಿನಲ್ಲಿ ಕಾಸಿಂಸಾಬರ ಲಿಂಬೆ ಅಡತಿ ಅಂಗಡಿಗೆ ಅವನು ಲೆಕ್ಕ ಬರೆಯುವ ದಿವಾಣಜಿ. ಕೂತೂ ಕೂತೂ ಗಾದಿಯಲ್ಲಿ ಅವನ ಆಕಾರದ ತಗ್ಗು ಬಿದ್ದಿತ್ತು. ಸೋಲಾಪುರದ ಒಂದು ಉಪ್ಪಿನಕಾಯಿ ಕಂಪನಿಗೆ ಲೆಕ್ಕದವರು ಬೇಕಾಗಿದ್ದರು. ಅಲ್ಲಿಯ ಮ್ಯಾನೇಜರು ನೌಕರಿಯ ಜಾಲತಾಣದಲ್ಲಿ ಹೆಸರಿನ ಕೆಳಗಿನ ಹೆಡ್‌ಲೈನ್ ಓದಿಯೇ ಮನುಷ್ಯರನ್ನು ಆರಿಸುತ್ತಾರೆ, ಇವತ್ತು ಸಂಜೆಗೆ ಆರಿಸಿ ಮುಗಿಸುತ್ತಾರೆ ಎಂದು ತಂಗಿ ವಸುಧಾ ಹೇಳಿ ಕಳಿಸಿದ್ದಳು. ಶ್ರೀವಲ್ಲಭನ ಹೆಡ್‌ಲೈನಿನ ಜಾಗವೋ, ಬೋಳಿಸಿದ ತಲೆಯ ಹಾಗೆ ಮಿಂಚುತ್ತಿತ್ತು.

ಗಿರಾಕಿಗಳಿಲ್ಲದ ಹೊತ್ತು ನೋಡಿ "ಪ್ರಾಮಾಣಿಕ, ಪರಿಶ್ರಮಿ" ಎಂದು ಫೋನಿನಲ್ಲಿ ಒತ್ತಿದ. ತೂಕ ಮಾಡುವ ಯುನೂಸ ಹೆಗಲ ಮೇಲಿಂದ ಇಣುಕಿದ.

"ಇದೇನ್ರಿ ದಿವಾಣಜಿ, ತೀರ್ಕೊಂಡವ್ರ ಫೋಟೋದ ಕೆಳಗ ಬರ್ದಂಗ ಐತಿ."

"ಸುಮ್ಕಿರೋ. ಸಾಹುಕಾರ್ರಿಗೆ ಗೊತ್ತಾದ್ರ ಇದ್ದ ನೌಕರಿನೂ ಹೋಗ್ತದ."

"ಮಾಲು ಮಾರೂ ಮುಂದ ನಾ ಹೆಂಗ ಕೂಗ್ತೇನ್ರಿ? ಲಿಂಬಿ ಪ್ರಾಮಾಣಿಕ ಐತಿ ಅಂತೇನಿ ಏನು?"

ಹಮಾಲ ಚನ್ನಬಸಯ್ಯ ಚೀಲ ಇಳಿಸಿ ಬಂದು ಕೂತ. "ನಮ್ಮ ದಿವಾಣಜಿ ಪಗಾರ ತಡಾ ಆದ್ರೂ ನಡೀತೈತಿ, ಬೈದ್ರೂ ನಡೀತೈತಿ. ಅದನ್ನ ಬರೀರಿ. ಕಂಪನ್ಯಾವ್ರು ಓಡಿ ಬರ್ತಾರ."

ಅಷ್ಟರಲ್ಲಿ ಯುನೂಸ ಫೋನು ಕಸಿದುಕೊಂಡು, ಹರಾಜಿನ ದನಿಯಲ್ಲಿ ಕೂಗುತ್ತಲೇ ಒತ್ತಿದ: "ಅಸಲ ಇಂಡಿ ಮಾಲು. ತೆಳು ಸಿಪ್ಪಿ, ತುಂಬ ರಸ. ಎಷ್ಟ ದೂರ ಕಳಿಸಿದ್ರೂ ಕೆಡಂಗಿಲ್ಲ." ಜೊತೆಗೆ ಲಿಂಬೆರಾಶಿಯ ಮುಂದೆ ಕೂತ ಶ್ರೀವಲ್ಲಭನದೊಂದು ಫೋಟೋ ಹೊಡೆದು ಸೇರಿಸಿದ. ಇಬ್ಬರಲ್ಲಿ ರಾಶಿಗೇ ಕಳೆ ಹೆಚ್ಚಿತ್ತು.

"ಅಳಸೋ ಮಾರಾಯಾ" ಎಂದು ಶ್ರೀವಲ್ಲಭ ಫೋನಿಗೆ ಕೈ ಹಾಕಿದ್ದಕ್ಕೂ ಕಾಸಿಂಸಾಬರು ಒಳಗೆ ಬಂದದ್ದಕ್ಕೂ ಸರಿಹೋಯಿತು. ಗಾಬರಿಯಲ್ಲಿ ಹೆಬ್ಬೆರಳು 'ಸೇವ್' ಒತ್ತಿತು. ಫೋನು ಕೈಜಾರಿ, ಬಾಯಿ ತೆರೆದ ಚೀಲದ ಲಿಂಬೆಗಳೊಳಗೆ ಮುಳುಗಿತು.

"ಏನ್ ನಡಸೀರಿ?"

"ಏನಿಲ್ರಿ ಸಾಹುಕಾರ್ರ, ಮಾಲು ನೋಡ್ಲಿಕ್ಕತ್ತಿದ್ದೆ."

"ನೋಡಿದ್ದು ಸಾಕು. ಚನ್ನಬಸಯ್ಯಾ, ಆ ಚೀಲ ಹೊಲಿ. ಚಡಚಣದ ಗಾಡಿ ನಿಂತೈತಿ."

ಚನ್ನಬಸಯ್ಯ ಅಂದು ಎಂದೂ ಇಲ್ಲದ ಚುರುಕಿನಲ್ಲಿ ಹೊಲಿದ. ಶ್ರೀವಲ್ಲಭ ಹೋಗಿ ಚೀಲದ ಮೇಲೆ, ಕಾವಿಗೆ ಕೂತ ಕೋಳಿಯಂತೆ ಕೂತುಬಿಟ್ಟ.

"ಏಳೋ."

"ಸೊಂಟ ಹಿಡದದರಿ."

"ಸೊಂಟ ಹಿಡದಾವ ಲಿಂಬಿ ಮ್ಯಾಲ ಕುಂಡರ್ತಾನೇನು?"

ಆಗ ಅವನ ಕೆಳಗಿನಿಂದ ಫೋನು ಬಾಯಿ ಬಡಿದುಕೊಂಡಿತು. ಕಾಸಿಂಸಾಬರು ದಿವಾಣಜಿಯನ್ನು ಸರಿಸಿ, ಹೊಲಿಗೆ ಕೊಯ್ದು, ಫೋನು ಹೊರತೆಗೆದು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು.

"ಶ್ರೀವಲ್ಲಭ ಅವ್ರಾ? ಸೋಲಾಪುರದಿಂದ, ಉಪ್ಪಿನಕಾಯಿ ಕಂಪನಿ ಮ್ಯಾನೇಜರ್ ಮಾತಾಡ್ತೇನಿ. ನಿಮ್ಮ ಹೆಡ್‌ಲೈನ್ ಭಾಳ ಹಿಡಸ್ತು ನೋಡ್ರಿ. ಇಂಥಾದ್ದನ್ನಽ ನಾವು ಹುಡುಕಾಕತ್ತಿದ್ವಿ."

ಶ್ರೀವಲ್ಲಭ ಸಾಹುಕಾರರ ಮುಖವನ್ನೂ ಮರೆತ. ಹೋಗುವವನೇ ಅಂದಮೇಲೆ ಹೆದರುವುದೇಕೆ? "ಯಾವಾಗ ಬರ್ಲಿರಿ?" ಎಂದ.

"ನೀವ್ಯಾಕ ಬರ್ತೀರಿ? ಲಿಂಬಿ ಕಳಸ್ರಿ. ವಾರಕ್ಕೊಂದು ಲಾರಿ."

"ಮತ್ತ ಆ ಲೆಕ್ಕದ ನೌಕರಿ..."

"ಅದಕ್ಕೊಬ್ಬ ಆಗಲೇ ಸಿಕ್ಕಾನ್ರಿ. ನಿಮಗ್ಯಾಕ ಅದರ ಚಿಂತಿ? ಇಷ್ಟ ದೊಡ್ಡ ವ್ಯಾಪಾರಸ್ಥರು ನೀವು."

ಕಾಸಿಂಸಾಬರು "ಕಳಸ್ತೇವ್ರಿ, ಕಳಸ್ತೇವಿ" ಎಂದು ಮಾತು ಮುಗಿಸಿ, ದಿವಾಣಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಯುನೂಸ ತಕ್ಕಡಿಯ ಹಿಂದೆ ಸರಿದ. ಶ್ರೀವಲ್ಲಭ ಚಪ್ಪಲಿ ಹುಡುಕತೊಡಗಿದ.

"ಎಲ್ಲಿಗೆ ಹೊಂಟಿ?" ಸಾಹುಕಾರರು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಗಾದಿಯ ಅದೇ ತಗ್ಗಿಗೆ ಒತ್ತಿ ಕೂರಿಸಿದರು. "ಆ ಕಂಪನಿ ಲೆಕ್ಕ ಬರೀಬೇಕಂತ ಆಸೆ ಇತ್ತಲ್ಲ? ಇಲ್ಲೇ ಕುಂತು ಬರಿ. ಇನ್ನ ಮ್ಯಾಲ ರಜಾ ಇಲ್ಲ, ಐತವಾರನೂ ಬಾ. ಅವರ ಲಾರಿ ಐತವಾರ ತುಂಬಿಸೂಣು."