ಕೊನ್ರಾಡನ ಫೋಟೊ, ತಿಮ್ಮರಾಯಪ್ಪನ ತಪ್ಪು

ಗೋಡೆಯ ಮೇಲಿನ ಕೊನ್ರಾಡನ ಫೋಟೊ ಕಂಡಾಗಲೆಲ್ಲ ತಿಮ್ಮರಾಯಪ್ಪನ ಹೊಟ್ಟೆಯೊಳಗೆ ಸಾಸಿವೆ ಸಿಡಿಯುತ್ತಿತ್ತು.

ಗಲ್ಫಿನ ಎಣ್ಣೆ ಬಂದರು ಮೀನಾ ಅಲ್ ಅಹ್ಮದಿಯಲ್ಲಿ ಇಬ್ಬರೂ ದುಡಿಯುತ್ತಿದ್ದ ಚೀನೀ ಕಂಪನಿಗೆ ಆ ವರ್ಷ ‘ಸಂಪೂರ್ಣ ಗುಣಮಟ್ಟ’ದ ಗೀಳು ಹಿಡಿದಿತ್ತು. ತಪ್ಪನ್ನು ಮುಚ್ಚಿಡಬಾರದು, ಮಾಡಿದವನೇ ಎಲ್ಲರೆದುರು ಹೇಳಬೇಕು. ಹೇಳಿದವನಿಗೆ ಚಪ್ಪಾಳೆ, ಗೋಡೆಯ ಮೇಲೆ ಫೋಟೊ. ಕೊನ್ರಾಡ್ ಯಾವುದೋ ಗ್ಯಾಸ್ಕೆಟ್ಟಿನ ಅಳತೆ ತಪ್ಪಿದ್ದನ್ನು ಹಲ್ಲು ಕಿರಿದು ಒಪ್ಪಿಕೊಂಡು ಗೋಡೆ ಏರಿಬಿಟ್ಟಿದ್ದ. ಸರ್ವೀಸಿನುದ್ದಕ್ಕೂ ಒಂದೂ ತಪ್ಪು ಮಾಡದ ತಿಮ್ಮರಾಯಪ್ಪನನ್ನು ಕೇಳುವವರೇ ಇರಲಿಲ್ಲ. ಇದೆಂಥ ನ್ಯಾಯ!

ಅಂದು ಬೆಳಿಗ್ಗೆ ಹೆಂಡತಿ ಮೋಹಿನಿ ಮೊಬೈಲು ಹಿಡಿದು ಬಂದಳು. “ರೀ, ಎದುರು ಫ್ಲಾಟಿನ ಐವಿ ತನ್ನ ಗಂಡ ಕೊನ್ರಾಡನ ಫೋಟೊನ ಬಿಲ್ಡಿಂಗ್ ಗ್ರೂಪಿಗೆ ಮತ್ತೆ ಹಾಕಿದಾಳೆ. ಸಿವಿಲ್ ಐಡಿ ಕಾರ್ಡ್ ಬಿಟ್ರೆ ನಿಮ್ಮ ಮುಖ ಇನ್ನೆಲ್ಲೂ ಕಾಣ್ಸಲ್ವಲ್ರೀ!”

“ಇವತ್ತು ಬರುತ್ತೆ ನೋಡ್ತಿರು,” ಎಂದು ತಿಮ್ಮರಾಯಪ್ಪ ಧುಮುಗುಡುತ್ತ ಹೊರಟ.

ವರ್ಕ್‌ಶಾಪಿನಲ್ಲಿ, ಇನ್ನೂ ನೀರು ಬಿಡದ ಪೈಪೊಂದಕ್ಕೆ ವಾಲ್ವ್ ಕೂರಿಸುವ ಕೆಲಸ ಅವನದು. ನೀರು ಹರಿಯುವ ದಿಕ್ಕು ತೋರಿಸುವ ಬಾಣದ ಗುರುತನ್ನು ಬೇಕೆಂದೇ ಹಿಂದುಮುಂದು ಮಾಡಹೊರಟರೆ ಹಾಳು ಕೈ ಮಾತು ಕೇಳದು. ಅಭ್ಯಾಸಬಲದಿಂದ ಸರಿಯಾಗಿಯೇ ಕೂರಿಸುತ್ತದೆ. ಬೆವರು ಸುರಿಸಿ ಕೊನೆಗೂ ತಪ್ಪು ಮಾಡಿ ಮುಗಿಸಿದ. ಆಮೇಲೆ ಹೋಗಿ ಫೋಟೊಗೆಂದು ತಲೆ ಬಾಚಿಕೊಂಡ.

ಮಧ್ಯಾಹ್ನದ ಮೀಟಿಂಗಿನಲ್ಲಿ ಮ್ಯಾನೇಜರ್ ಲಿಯು ಬಾಯಿ ತೆರೆಯುವ ಮೊದಲೇ ತಿಮ್ಮರಾಯಪ್ಪ ಎದ್ದು ನಿಂತ. “ಸರ್, ಮೈ ಮಿಸ್ಟೇಕ್! ವಾಲ್ವ್ ಉಲ್ಟಾ!”

ಚಪ್ಪಾಳೆಯೋ ಚಪ್ಪಾಳೆ. ತಪ್ಪಿನ ದರ್ಶನಕ್ಕೆ ಇಡೀ ತಂಡ ಹೊರಟಿತು. ಹೋಗಿ ನೋಡಿದರೆ ವಾಲ್ವು ಸರಿಯಾಗಿಯೇ ಕೂತಿದೆ! ತಿಮ್ಮರಾಯಪ್ಪನ ಮುಖ ಹುಳ್ಳಗಾಯಿತು.

“ವೇರ್ ಮಿಸ್ಟೇಕ್?” ಎಂದರು ಲಿಯು.

ಆಗ ಕೊನ್ರಾಡ್ ತಲೆ ತಗ್ಗಿಸಿ ಮುಂದೆ ಬಂದ. ಗೆಳೆಯನ ಮರ್ಯಾದೆ ಹೋದೀತೆಂದು ವಾಲ್ವನ್ನು ತಾನೇ ಗುಟ್ಟಾಗಿ ಸರಿಪಡಿಸಿದ್ದಾಗಿ ಹೇಳಿದ. ತಪ್ಪು ಮುಚ್ಚಿಟ್ಟಿದ್ದೇ ತನ್ನ ತಪ್ಪು ಎಂದು ಕಣ್ಣೊರೆಸಿಕೊಂಡ.

ಲಿಯು ಅವನನ್ನು ಅಪ್ಪಿಕೊಂಡರು. ಈ ಕಂಪನಿಯಲ್ಲಿ ತಪ್ಪು ಮುಚ್ಚಿಡುವುದಕ್ಕಿಂತ ದೊಡ್ಡ ತಪ್ಪಿಲ್ಲ. ಹಾಗಾಗಿ ಅದಕ್ಕಿಂತ ದೊಡ್ಡ ತಪ್ಪೊಪ್ಪಿಗೆಯೂ ಇಲ್ಲ! ಕೊನ್ರಾಡನಿಗೆ ಈ ಸಲ ಕಟ್ಟು ಹಾಕಿದ ದೊಡ್ಡ ಫೋಟೊ. ತೋರಿಸಲು ತಪ್ಪೇ ಉಳಿಯದ ತಿಮ್ಮರಾಯಪ್ಪನ ಕೈಗೆ ಮೊಳೆ, ಸುತ್ತಿಗೆ.

“ಬೇಜಾರು ಮಾಡ್ಬೇಡಿ ಮಾರಾಯ್ರೆ,” ಕೊನ್ರಾಡ್ ಪಿಸುಗುಟ್ಟಿದ, “ಇನ್ನು ನಿಮ್ಮ ತಪ್ಪು ನಾನು ಮುಟ್ಟುದೇ ಇಲ್ಲ.”

ತಿಮ್ಮರಾಯಪ್ಪ ಹಲ್ಲು ಕಚ್ಚಿ ಮೊಳೆ ಹೊಡೆದು ಫೋಟೊ ತೂಗುಹಾಕಿದ. ಯಾರೋ ಕ್ಲಿಕ್ಕಿಸಿದರು. ಸ್ವಲ್ಪ ಹೊತ್ತಿಗೆ ಮೋಹಿನಿಯ ಫೋನು.

“ರೀ, ಹೇಳಿದ ಹಾಗೇ ನಿಮ್ಮ ಫೋಟೊ ಬಂತು ಕಣ್ರೀ! ಐವಿನೇ ಗ್ರೂಪಿಗೆ ಹಾಕಿದಾಳೆ. ಕೊನ್ರಾಡ್ ಫೋಟೊ ಕೆಳಗೆ ಸುತ್ತಿಗೆ ಹಿಡ್ಕೊಂಡು, ತಲೆ ಬಾಚ್ಕೊಂಡು ನಿಂತಿರೋರು ನೀವೇ ತಾನೆ?”