ಹನ್ನೊಂದು ವರ್ಷದ ಅಳತೆ

"ಗುಂಡಿ ಹೊಲಿಯೋಕೆ ಕೂರಿಸಿದ್ರೆ ಕಾಜಾ ಹರೀತಾನೆ. ಇವನಿಗೆ ಕಂಪ್ಯೂಟರ್ ಬೇರೆ ಕೇಡು," ಎಂದ ಅಣ್ಣ.

ಟೈಲರ್ ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು. ಪರದೆಯ ಹಿಂದೆ ಅರ್ಧ ಪ್ಯಾಂಟು ಏರಿಸಿಕೊಂಡಿದ್ದ ಐದನೆಯವನೂ ಕಿಸಕ್ಕನೆ ನಕ್ಕ.

ತಮ್ಮನ ಕಿವಿ ಕೆಂಪಾಯಿತು. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ಅವನು. ಅವನಿಗಿದ್ದ ಮರ್ಯಾದೆಯೆಲ್ಲ ಮನೆಯ ಹಿಂದಿನ ಕೋಣೆಯ ಹಳೆ ಕಂಪ್ಯೂಟರಿನ ಮೇಲೆ ನಿಂತಿತ್ತು. ಹನ್ನೊಂದು ವರ್ಷದ ಗಿರಾಕಿಗಳ ಎದೆ, ಸೊಂಟ, ತೋಳು ಎಲ್ಲ ಅದರ ಹೊಟ್ಟೆಯಲ್ಲಿ. ಅಂಗಡಿಯ ಫೋನಿನಲ್ಲಿ ಹೆಸರು ಒತ್ತಿದರೆ ಅದು ಅಳತೆ ಕಳಿಸಬೇಕು. ಇವತ್ತು ಹೆಡ್‌ಮಾಸ್ಟರರ ಸೊಂಟ ಕೇಳಿದರೆ ಕಾಲು ಗಂಟೆ ಗಿರಗಿರ ಸುತ್ತಿ ಸುಮ್ಮನಾಗಿತ್ತು.

"ಸಂಜೆಯೊಳಗೆ ಸರಿಯಾಗ್ಬೇಕು. ಇಲ್ಲಾಂದ್ರೆ ಗುಜರಿಗೆ. ಮನೇಲೂ ಹೇಳಿದೀನಿ. ನೀನು ಕಾಜಾ ಕಲಿ."

ರೋಗ ಅವನಿಗೆ ಗೊತ್ತಿತ್ತು. ಒಂದು ಜಿಬಿ ಮೆಮೊರಿಯ ಆ ಮುದುಕನ ಮೇಲೆ ಇವನೇ ಹೋದ ತಿಂಗಳು ಥಳುಕಿನ ಸಿಸ್ಟಮ್ ಹೇರಿದ್ದ. ಅದನ್ನು ಕಿತ್ತು ಹಗುರವಾದ ಲಿನಕ್ಸ್ ಸಿಸ್ಟಮ್ ಹಾಕಬೇಕು, ಅದರಲ್ಲೋ ನೂರು ಬಗೆ. ಯಾವುದು? ಆ ಪ್ರಶ್ನೆಯನ್ನು ಬೀದಿಯಲ್ಲಿ ಬಾಯಿಬಿಟ್ಟು ಕೇಳಿದ್ದೇ ತಪ್ಪಾಯಿತು.

"ಪಪ್ಪಿ ಹಾಕೋ," ಎಂದ ಜೆರಾಕ್ಸ್ ಅಂಗಡಿಯವನು. "ನನ್ನ ಸತ್ತ ಲ್ಯಾಪ್‌ಟಾಪ್ ಎದ್ದು ಕೂತಿತ್ತು."

"ಎಲ್ಲಿದೆ ಈಗ?"

"ಮಾವ ಅದರ ಮೇಲೆ ಕೂತ್ರು. ಅದು ಬೇರೆ ವಿಷಯ."

ಮಹಡಿಯ ನಿವೃತ್ತ ಎಂಜಿನಿಯರರು ಆಲ್ಪೈನ್ ಅಂದರು, ಅದಕ್ಕಿಂತ ಹಗುರ ಅಂದ್ರೆ ಗಾಳಿ ಒಂದೇ ಅಂದರು. ಅತ್ತಿಗೆಯ ತಮ್ಮ, ಕಾಲೇಜಿನ ಲ್ಯಾಬಿನವನು, ಫೋನಿನಲ್ಲೇ ಗದರಿದ: "ಡೆಬಿಯನ್ ಹಾಕು. ಚಿತ್ರಗಿತ್ರ ಏನೂ ಬೇಡ, ಬರೀ ಅಕ್ಷರ."

ಪಪ್ಪಿ ಚೆನ್ನಾಗೇ ಬಂತು. ಅದನ್ನು ನೋಡಿದ ಎಂಜಿನಿಯರರು ಮೂಗು ಮುರಿದು ಅಳಿಸಿಸಿದರು. ಆಲ್ಪೈನ್ ಎಂಟು ಪ್ರಶ್ನೆ ಕೇಳಿತು, ಇವನಿಗೆ ಮೂರು ಅರ್ಥವಾದವು. ಒಂಬತ್ತನೇ ಕ್ಲಾಸಿನ ಗಣಿತದ ಪೇಪರು ಕಣ್ಣಮುಂದೆ ಬಂತು. ಕೊನೆಗೆ ಅಳತೆಗಳಿದ್ದ ಭಾಗವನ್ನು ಮುಟ್ಟದೆ, ಬೆವರು ಒರೆಸುತ್ತ, ಬೋಳು ಡೆಬಿಯನ್ ಕೂರಿಸಿದ.

ನಾಲ್ಕು ಗಂಟೆಗೆ ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿನುಗಿತು. ಕಂಪ್ಯೂಟರಿನ ಹೊರೆ ಈಗ ಕೆಲಸವೇ ಇಲ್ಲವೇನೋ ಎನ್ನುವಷ್ಟು ಹಗುರ. ಫ್ಯಾನು ಕೂಡ ನಿಂತು, ಅದು ಹಾಲು ಕುಡಿದ ಕೂಸಿನಂತೆ ಮಲಗಿತು. ತಮ್ಮ ಅದರ ತಲೆ ಸವರಿ, ಪರದೆ ಆರಿಸಿ, ಅಂಗಡಿಗೆ ಓಡಿದ.

ಹೆಡ್‌ಮಾಸ್ಟರರು ಮತ್ತೆ ಬಂದಿದ್ದರು. ಅಣ್ಣ ಹೆಸರು ಒತ್ತಿದ. ಬೆರಳು ಎತ್ತುವ ಮೊದಲೇ ಬಂತು: ಸೊಂಟ ಮೂವತ್ತೆಂಟು. ಅಣ್ಣ ತಲೆಯೆತ್ತಿ ತಮ್ಮನನ್ನು ನೋಡಿ "ಹೂಂ" ಎಂದ. ಅಣ್ಣನ ಬಾಯಿಂದ ಅಷ್ಟು ದೊಡ್ಡ ಹೊಗಳಿಕೆ ಹಿಂದೆಂದೂ ಬಂದಿರಲಿಲ್ಲ.

ಹೆಡ್‌ಮಾಸ್ಟರರು ಕಾಯುತ್ತ ಕೂತಿರಲು, ಮುಕ್ಕಾಲು ಗಂಟೆಯಲ್ಲಿ ಪ್ಯಾಂಟಿನ ಬಟ್ಟೆ ಕತ್ತರಿಸಿ ಮುಗಿಸಿದ ಅಣ್ಣ ಫೋನನ್ನು ತಮ್ಮನತ್ತ ತಳ್ಳಿದ. "ಶರ್ಟಿನದೂ ತೆಗಿ."

ಒತ್ತಿದ. ಬರಲಿಲ್ಲ. ಮತ್ತೆ ಒತ್ತಿದ. ಅಷ್ಟರಲ್ಲಿ ಅದೇ ಫೋನಿಗೆ ಅತ್ತಿಗೆಯ ಕರೆ. ಸ್ಪೀಕರ್ ಆನ್ ಆಗಿತ್ತು, ಅಂಗಡಿಯೆಲ್ಲ ಕೇಳಿತು.

"ರೀ, ನಿಮ್ ತಮ್ಮನಿಗೆ ನೀವೇ ಸಮಾಧಾನ ಹೇಳಿ. ಅವನ ಕಂಪ್ಯೂಟರ್ ಡಬ್ಬ ಹೋಗ್ಬಿಟ್ಟಿದೆ. ಎರಡು ಸಲ ಕಿವಿ ಇಟ್ಟು ನೋಡ್ದೆ, ಉಸಿರೇ ಇಲ್ಲ. ನೀವು ಹೇಳಿದ್ರಲ್ಲ ಅಂತ ಗುಜರಿಯವನಿಗೆ ಕೊಟ್ಟೆ. ಪಾಪ, ಅಂಗಳದಲ್ಲೇ ಸುತ್ತಿಗೇಲಿ ಒಡೆದು, ತಾಮ್ರ ಕಿತ್ಕೊಂಡು ಹೋದ."

ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ಸದ್ದು ಮಾಡದ ಯಂತ್ರ ಎಂದರೆ ಅವಳ ಮಟ್ಟಿಗೆ ಕೆಟ್ಟ ಯಂತ್ರ.

ಯಾರೂ ನಗಲಿಲ್ಲ. ಅಣ್ಣ ತನ್ನ ಕೊರಳಿನ ಟೇಪು ತೆಗೆದು ತಮ್ಮನ ಹೆಗಲಿಗೆ ಹಾಕಿದ.

"ಹನ್ನೊಂದು ವರ್ಷದ ಗಿರಾಕಿಗಳು. ಒಬ್ಬೊಬ್ಬರನ್ನೂ ಹುಡುಕಿ ಅಳತೆ ತಗೋಬೇಕು. ಯಾರಿಂದ ಶುರು ಮಾಡ್ತೀಯಪ್ಪಾ?"

ಹೆಡ್‌ಮಾಸ್ಟರರು ತಾವಾಗಿಯೇ ಎರಡೂ ಕೈ ಮೇಲೆತ್ತಿ ನಿಂತರು.

ತಮ್ಮ ಅವರನ್ನು ಬಳಸಿ ಬಾಗಿಲಿಗೆ ಬಂದ. ಹೆಗಲ ಮೇಲಿನ ಟೇಪಿನ ಸಮೇತ ಮೆಟ್ಟಿಲಿಳಿದು, ತಿರುಗಿ ನೋಡದೆ, ಡಬ್ಬದ ಚೂರುಗಳು ಬಿದ್ದಿದ್ದ ಮನೆಯಂಗಳದ ಕಡೆ ನಡೆದುಬಿಟ್ಟ.