ಅತ್ತೆ ಕಾಲಿಡದ ಮನೆಗಾಡಿ

ನಮ್ಮ ಮನೆಗೆ ಒಂದು ಸಾಮಾನು ಬಂದರೆ ಅದರ ಬೆನ್ನಿಗೇ ನಾಲ್ಕು ಕಥೆ ಬರ್ತವೆ. ಮಿಕ್ಸಿ ತಂದಾಗಲೇ ಬೀದಿಯೆಲ್ಲ ನಕ್ಕಿತ್ತು, ಇನ್ನು ಮನೆಗಾಡಿ ತಂದರೆ ಕೇಳ್ಬೇಕಾ!

ನಮ್ಮೆಜಮಾನ್ರು ಬಿಡದೀಲಿ ಫ್ಯಾಕ್ಟ್ರಿ ಬಸ್ ಓಡಿಸ್ತಾರೆ. ಅವರಿಗೆ ಇರೋದು ಒಂದೇ ಆಸೆ, ಅವ್ವನಿಗೆ ಒಂದ್ಸಲ ಸಮುದ್ರ ತೋರಿಸ್ಬೇಕು ಅಂತ. ನಮ್ಮತ್ತೆಯೋ, ರಾಮನಗರದ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಒಂದು ರಾತ್ರೀನೂ ಹೊರಗೆ ಮಲಗಿದವರಲ್ಲ. "ಲಾಡ್ಜಾ? ಥೂ, ಯಾರ್ಯಾರು ಹೊದ್ದಿರೋ ಹೊದಿಕೆನೋ! ನನ್ಮನೆ ಬುಟ್ಟು ನಾ ಎಲ್ಲೂ ಮನೀಕಳಾಕಿಲ್ಲ ಕಣ್ಲಾ" ಅಂದ್ಬುಟ್ರು.

"ಹಂಗಾದ್ರೆ ಮನೇನೇ ತಗೊಂಡೋಗವ" ಅಂದ್ರು ಇವರು. ನಾನು ತಮಾಷೆ ಅಂದ್ಕೊಂಡೆ. ಮದುವೆಯಾಗಿ ಇಷ್ಟು ವರ್ಷ ಆದ್ರೂ ನನಗೆ ಬುದ್ಧಿ ಬಂದಿಲ್ಲ ನೋಡಿ.

೧. ನಿದ್ದೆ ಪರೀಕ್ಷೆ

ಮಾಗಡಿ ಕಡೆ ತೋಟದ ಮನೆಯವರೊಬ್ಬರು ತಮ್ಮ ಹಳೇ ಮೋಟರ್‌ಹೋಮ್ ಮಾರ್ತಾರೆ ಅಂತ ಗೊತ್ತಾಗಿ ಹೋದ್ವಿ. ಒಂದು ವ್ಯಾನು, ಒಳಗೆ ಮಂಚ, ಗ್ಯಾಸ್ ಒಲೆ, ಸಿಂಕು, ಮೇಲೆ ಸೋಲಾರು. ಮಾರೋರು ಪಾಪ, ಒಂದೊಂದೇ ಸ್ವಿಚ್ಚು ಒತ್ತಿ ತೋರಿಸಿದ್ರು. ಇವರು ಎಂಜಿನ್ ಸದ್ದು ಒಂದ್ಸಲ ಕೇಳಿ ತಲೆಯಾಡಿಸಿದ್ರು, ಅಷ್ಟೆ. "ಅವ್ವನ ಬೆನ್ನಿಗೆ ಈ ಹಾಸಿಗೆ ಆಯ್ತದಾ ಒಸಿ ನೋಡ್ತೀನಿ" ಅಂತ ಚಪ್ಪಲಿ ಬಿಟ್ಟು ಮಲಗಿದ್ರು. ಮಲಗಿದ್ದೇ ತಡ, ಗೊರಕೆ!

"ಎಬ್ಬಿಸ್ಲೇನಮ್ಮಾ?" ಅಂದ್ರು ಮಾರೋರು.

"ನೈಟ್ ಶಿಫ್ಟ್ ಮುಗಿಸ್ಕಂಡು ಸೀದಾ ಬಂದವ್ರೆ ಸಾರ್, ಬ್ಯಾಡ ಬುಡಿ" ಅಂದೆ. ಅವರ ಮನೆಯಾಕೆ ನನಗೆ ಕಾಫಿ ಕೊಟ್ಟರು, ಆಮೇಲೆ ಊಟಾನೂ ಬಡಿಸಿದರು. ಹೊತ್ತು ಇಳಿದ ಮೇಲೆ ಇವರು ಕಣ್ಣುಜ್ಜಿಕೊಂಡು ಎದ್ದು, "ಗಾಡಿ ಚೆಂದಾಗೈತೆ ಸಾರ್, ಕೊಡಿ" ಅಂದ್ರು.

"ಓಡಿಸಿ ನೋಡಲ್ವಾ?"

"ಓಡ್ಸೋದು ದಿನಾ ಇದ್ದಿದ್ದೇ ಸಾರ್. ಇಷ್ಟು ನಿದ್ದೆ ಇನ್ನೆಲ್ಲೂ ಬಂದಿಲ್ಲ."

೨. ಬೊಂಬೆ ಬಣ್ಣದ ಬಾಗಿಲು

ಗಾಡಿ ಮನೆ ಮುಂದೆ ಬಂದು ನಿಂತಿತು. ಅತ್ತೆ ಬಾಗಿಲಾಚೆಯಿಂದಲೇ ಕತ್ತು ಚಾಚಿ ನೋಡಿದರು. "ಅಯ್ಯಯ್ಯೋ, ಒಲೆ ಮಗ್ಗುಲಲ್ಲೇ ಕಕ್ಕಸ್ಸು! ನಾ ಇದ್ರೊಳಕ್ಕೆ ಕಾಲಿಡಾಕಿಲ್ಲ" ಅಂತ ತಿರುಗಿ ಹೋದರು.

ಇವರು ಬೇಜಾರು ಮಾಡ್ಕೊಳ್ಳೋ ಜಾತೀನೇ ಅಲ್ಲ. ಮಾರನೇ ದಿನವೇ ಚನ್ನಪಟ್ಟಣದ ಬೊಂಬೆ ಮಾಡುವ ಚಾಚಾನ ಮುಂದೆ ಹೋಗಿ ಕೂತರು. "ನಾನು ಬೊಂಬೆ ಬಸ್ಸು ಮಾಡ್ತೀನಪ್ಪ, ನಿಜವಾದ ಬಸ್ಸಿಗೆ ಕೈ ಹಾಕಿಲ್ಲ" ಅಂತ ಚಾಚಾ ನಕ್ಕರಂತೆ. ಆದರೆ "ಅವ್ವನಿಗೋಸ್ಕರ" ಅಂದ ತಕ್ಷಣ ಎದ್ದು ಬಂದರು.

ಎಂಥಾ ಕೈ ರೀ ಅದು! ಒಲೆಗೂ ಕಕ್ಕಸ್ಸಿಗೂ ನಡುವೆ ಸರಿಯುವ ಮರದ ಬಾಗಿಲು, ಬ್ರೇಕ್ ಹಾಕಿದರೂ ಡಬ್ಬಿ ಬೀಳದ ಗೂಡುಗಳು, ಎಲ್ಲೂ ಒಂದು ಮೂಲೆ ಚುಚ್ಚಲ್ಲ. ಕೆಂಪು, ಹಳದಿ ಅರಗಿನ ಬಣ್ಣ ಥಳಥಳ. ನಾನಂತೂ ಬೆರಳಾಡಿಸಿ ಆಡಿಸಿ ಸವೆಸಿಬಿಟ್ಟೆ. ಅತ್ತೆಗೆ ಧೈರ್ಯ ಹೇಳೋಣ ಅಂತ ಚಾಚಾ, "ನೋಡಮ್ಮಾ, ಮಕ್ಕಳು ಬಾಯಿಗಿಟ್ಕೊಂಡ್ರೂ ಏನೂ ಆಗಲ್ಲ, ಅಂಥಾ ಬಣ್ಣ" ಅಂದ್ರು.

ಅತ್ತೆ ಬಾಗಿಲನ್ನ ಮೇಲಿಂದ ಕೆಳಕ್ಕೆ ನೋಡಿ, "ಅಲ್ಲ ಕಣಪ್ಪಾ, ಕಕ್ಕಸ್ ಬಾಗಿಲ್ನ ಯಾವನು ನೆಕ್ಕಾನು?" ಅಂದ್ರು.

೩. ಪೂರ್ವ ದಿಕ್ಕು

ಕಕ್ಕಸ್ಸಿನ ತಕರಾರು ಮುಗೀತು, ಒಲೆಯದು ಶುರುವಾಯಿತು. ಅಡುಗೆ ಮಾಡೋಳು ಪೂರ್ವಕ್ಕೇ ಮುಖ ಮಾಡ್ಬೇಕು. "ಅವ್ವಾ, ಇದು ಓಡೋ ಮನೆ, ರಸ್ತೆ ತಿರುಗ್ದಂಗೆ ದಿಕ್ಕೂ ತಿರುಗ್ತದೆ" ಅಂದ್ರೆ, "ಒಲೆ ಹಚ್ಚೋವಾಗ ತಿರುಗ್ಸಿ ನಿಲ್ಸು. ಡ್ರೈವರ್ ಅಲ್ವೇನ್ಲಾ ನೀನು?" ಅಂದ್ರು.

ಸರಿ, ಹಾಲು ಕಾಯಿಸಿ ತೋರಿಸೋಣ ಅಂತ ಗಾಡಿಯನ್ನ ಪೂರ್ವಕ್ಕೆ ತಿರುಗಿಸಿದರು. ಊರ ರಸ್ತೆಗೆ ಅಡ್ಡಡ್ಡ! ಅದೇ ಹೊತ್ತಿಗೆ ಕನಕಪುರದ ಬಸ್ಸು ಬಂತು. ಕಂಡಕ್ಟರು ಇಳಿದು ಬಂದು, "ಯಾಕ್ರೀ, ಕೆಟ್ಟೋಯ್ತಾ?" ಅಂದ್ರು.

"ಇಲ್ಲಣ್ಣ, ಹಾಲು ಕಾಯ್ತಾ ಐತೆ, ಒಸಿ ತಡ್ಕಳಿ" ಅಂದೆ. ಬೈಗುಳಕ್ಕೆ ತಯಾರಾಗಿ ನಿಂತೆ. ಆ ಪುಣ್ಯಾತ್ಮ ಗಡಿಯಾರ ನೋಡ್ಕೊಂಡು, "ಸಕ್ಕರೆ ಕಮ್ಮಿ ಹಾಕಮ್ಮ, ನನಗೆ ಶುಗರ್ರು" ಅಂದ್ರು.

ಆಮೇಲೆ ಇವರು ಕನಕಪುರದಲ್ಲಿ ಒಲೆಗೆ ತಿರುಗೋ ಪೀಠಾನೇ ಮಾಡಿಸಿಬಿಟ್ಟರು. ಈಗ ಗಾಡಿ ಎತ್ತ ನಿಂತರೂ ಅಡುಗೆ ಮಾಡೋಳ ಮುಖ ಪೂರ್ವಕ್ಕೇ. ಒಬ್ಬ ಮನುಷ್ಯನಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರುತ್ತೋ, ನನಗಂತೂ ಹೆಮ್ಮೆ.

೪. ಗೌರಿ ಪ್ರವೇಶ

ಕೊನೆಗೆ ಅತ್ತೆ, "ಮನೆ ಅಂದ್ಮೇಲೆ ಗೃಹಪ್ರವೇಶ ಆಗ್ಬೇಕು. ಮೊದ್ಲು ಹಸ ಹೋಗ್ಲಿ, ಆಮ್ಯಾಕೆ ನಾನು" ಅಂದ್ರು. ನಮ್ಮ ಗೌರಿ ನಾಟಿ ಹಸು, ಸಣ್ಣ ಮೈ. ಇವರು ಹಿಂಬಾಗಿಲಿಗೆ ಹಲಗೆ ಇಟ್ಟರು, ಬಾಳೆಹಣ್ಣು ತೋರಿಸಿದರು. ಗೌರಿ ಟಕಟಕ ಅಂತ ಹತ್ತಿ ಒಳಗೆ ಹೋದಳು. ಹೋದವಳೇ ಹೊಸ ನೆಲದ ಶೀಟಿನ ಮೇಲೆ ಧಾರಾಳವಾಗಿ ಗಂಜಲ ಹುಯ್ದಳು. ಇವರ ಮುಖ ಬಾಡಿತು. ಅತ್ತೆ ಮಾತ್ರ, "ಶುಭ ಕಣ್ಲಾ, ಶುಭ!" ಅಂತ ಕೈ ಮುಗಿದರು.

ಶುಭ ಏನೋ ಆಯಿತು, ಗೌರಿ ಇಳೀಬೇಕಲ್ಲ! ಒಳಗೆ ತಿರುಗೋಕೆ ಜಾಗ ಇಲ್ಲ, ಹಿಂದೆ ಹೆಜ್ಜೆ ಇಡೋಕೆ ಅವಳಿಗೆ ಮನಸ್ಸಿಲ್ಲ. ಕಿಟಕಿಯಿಂದ ಮೂತಿ ಆಚೆ ಹಾಕಿ, ನಾನು ಹೊಲಿದ ಪರದೆ ಅಗೀತಾ ನಿಂತಳು. ಇವರು ಎಳೆದರು, ಬೀದಿಯವರೆಲ್ಲ ಸೇರಿ ಗೋಗರೆದರು. ಊಹ್ಞೂಂ.

"ಬುಡ್ರಲೇ, ಅದು ನನ್ ಮಾತಲ್ದೆ ಯಾರ್ ಮಾತೂ ಕೇಳಾಕಿಲ್ಲ" ಅಂತ ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಹಲಗೆ ಹತ್ತಿದರು. ಕಾಲು ಒಳಗೆ ಇಟ್ಟೇಬಿಟ್ಟರು! ಇವರು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. ಅವರ ಕಣ್ಣು ತುಂಬಿತ್ತು, ನನ್ನದೂ.

ಒಳಗೆ ಅತ್ತೆ ಮಂಚದ ಮೇಲೆ ಕೂತು ಹಾಸಿಗೆ ಒತ್ತಿ ನೋಡಿದರು. ಗೂಡು ಸವರಿದರು. ಆಮೇಲೆ ಗೌರಿ ಬೆನ್ನು ನೀವುತ್ತಾ ಕೂತೇ ಬಿಟ್ಟರು, ಏಳೋ ಸುದ್ದಿನೇ ಇಲ್ಲ.

"ಅವ್ವಾ, ಇಳಿಸ್ಕೊಂಡು ಬಾ. ನಾಳೆ ನಾವು ಸಮುದ್ರಕ್ಕೆ ಹೊರಡವ" ಅಂದ್ರು ಇವರು.

"ಇಳಿಸ್ಬುಟ್ರೆ ನಾ ಹೆಂಗ್ಲಾ ಬರ್ಲಿ? ನನ್ ಕೈಗಲ್ದೆ ಇವ್ಳು ಯಾರಿಗೂ ಹಾಲು ಕೊಡಾಕಿಲ್ಲ. ಇಷ್ಟು ವರ್ಸ ನಾ ಯಾಕೆ ಎಲ್ಲೂ ಮನೀಕಳ್ಲಿಲ್ಲ ಅಂದ್ಕಂಡೆ? ಇವಳಿಗಿಂತ ಮುಂಚೆ ಇವಳವ್ವ, ಅದಕ್ಕೂ ಮುಂಚೆ ಅವಳವ್ವ."

ಅತ್ತೆ ಕಿಟಕಿಯಲ್ಲಿ ಗೌರಿ ಮೂತಿ ಪಕ್ಕಕ್ಕೆ ತಮ್ಮ ಮುಖಾನೂ ತಂದು ಕೇಳಿದರು:

"ಲೇ ಮಗ, ಆ ಸಮುದ್ರದತ್ರ ಹಸೀ ಹುಲ್ಲು ಸಿಕ್ತದೇನ್ಲಾ?"